ಹಿರಿಗಿಳಿಯನ್ನು ಮನೆಗೆ ತರುವ ಮುನ್ನ

ಮನೆಯಲ್ಲಿ ಒಂದು ದೊಡ್ಡ ಗಿಳಿಯನ್ನು ಸಾಕೋಣವೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಎಷ್ಟೋ ಕುಟುಂಬಗಳಲ್ಲಿ ಎದ್ದಿದೆ. ಹಿಂದೆ ಮೃಗಾಲಯಕ್ಕೆ ಹೋದಾಗ ಮಾತ್ರ ಕಾಣಸಿಗುತ್ತಿದ್ದ ನೀಲಿ-ಹಳದಿ ಮಕಾವ್, ನೆತ್ತಿಯ ಮೇಲಿನ ಜುಟ್ಟನ್ನು ಬಿಚ್ಚಿ ಮಡಿಸುವ ಬಿಳಿಯ ಕಾಕಟೂ, ಬೂದುಬಣ್ಣದ ಮೈಗೆ ಕೆಂಪು ಬಾಲವನ್ನು ತಳೆದ ಆಫ್ರಿಕನ್ ಗ್ರೇ, ಇವೆಲ್ಲ ಈಗ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಬೆಲೆಗೆ ದೊರೆಯುತ್ತವೆ. ಫೋನಿನ ಪರದೆಯ ಮೇಲೆ ಅವು ನಗುವುದನ್ನೂ, ಕುಣಿಯುವುದನ್ನೂ, ಒಡೆಯನ ಭುಜದ ಮೇಲೆ ಕುಳಿತು ಅವನ ಕಿವಿಯಲ್ಲಿ ಮಾತನಾಡುವುದನ್ನೂ ಕಂಡ ಮಕ್ಕಳು ತಂದೆತಾಯಿಗಳನ್ನು ಒತ್ತಾಯಿಸುತ್ತಾರೆ. ತಂದೆತಾಯಿಗಳಿಗೂ ಮನಸ್ಸಿನೊಳಗೆ ಆಸೆಯಿರುತ್ತದೆ. ಆ ಆಸೆಯಲ್ಲಿ ದೋಷವೇನೂ ಇಲ್ಲ. ಸೌಂದರ್ಯವನ್ನು ಹತ್ತಿರದಲ್ಲಿಟ್ಟುಕೊಳ್ಳಬೇಕೆಂಬುದು, ನಮ್ಮ ಮಾತಿಗೆ ಮರುಮಾತು ಕೊಡುವ ಜೀವವೊಂದು ಮನೆಯೊಳಗಿರಬೇಕೆಂಬುದು ಮನುಷ್ಯನಿಗೆ ಸಹಜವಾದ ಬಯಕೆ. ಆದರೆ ನಾಯಿಯನ್ನೋ ಬೆಕ್ಕನ್ನೋ ತರುವಾಗ ನಾವು ಕೇಳಿಕೊಳ್ಳುವ ಪ್ರಶ್ನೆಗಳು ಇಲ್ಲಿ ಸಾಲವು. ಹಕ್ಕಿಯನ್ನು ಕುರಿತು ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಯನ್ನು ಕುರಿತು, ನಮ್ಮ ದಿನಚರಿಯನ್ನು ಕುರಿತು, ನಮ್ಮ ಅನಂತರದ ಕಾಲವನ್ನು ಕುರಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಇಲ್ಲಿ ಮುಖ್ಯವಾದುವು.

ಗಿಳಿಯೆಂಬುದು ನಮಗೆ ಹೊಸ ಪರಿಚಯವಲ್ಲ. ಮಧುರೆಯ ಮೀನಾಕ್ಷಿಯ ಕೈಯಲ್ಲಿ ಅದು ಕುಳಿತಿದೆ. ಕಾಮನ ವಾಹನವೆಂದು ಪುರಾಣ ಹೇಳುತ್ತದೆ. ಮಂಡನಮಿಶ್ರರ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳೇ ವೇದಪ್ರಾಮಾಣ್ಯವನ್ನು ಚರ್ಚಿಸುತ್ತಿದ್ದುವೆಂದು ಶಂಕರರ ಚರಿತ್ರೆಯಲ್ಲಿ ಕಥೆಯುಂಟು. ನಮ್ಮ ಹಳೆಯ ಮನೆಗಳ ಜಗುಲಿಯ ಮೇಲೆ ತೂಗಾಡುತ್ತಿದ್ದ ತಂತಿಯ ಪಂಜರವನ್ನೂ, ರಸ್ತೆಯ ಬದಿಯಲ್ಲಿ ಚೀಟಿ ಎತ್ತುತ್ತಿದ್ದ ಗಿಳಿಶಾಸ್ತ್ರದ ಹಕ್ಕಿಯನ್ನೂ ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಆ ಹಕ್ಕಿಗಳು ನಮ್ಮ ನಾಡಿನವೇ ಆದ ಹಸಿರುಗಿಳಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವುಗಳಿಗೆ ರಕ್ಷಣೆಯನ್ನು ಕೊಟ್ಟಿತು. 1990-91ರ ಹೊತ್ತಿಗೆ ನಾಡಿನ ಕಾಡುಹಕ್ಕಿಗಳ ವ್ಯಾಪಾರವೇ ನಿಷಿದ್ಧವಾಯಿತು. ಇಂದು ಕೊರಳಪಟ್ಟಿಯ ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ಈ ಕಾರಣದಿಂದಲೂ ಕೆಲವರ ದೃಷ್ಟಿ ಹೊರದೇಶದ ಹಿರಿಯ ಗಿಳಿಗಳತ್ತ ತಿರುಗಿತು. ನಮ್ಮ ಕಾಡಿನದಲ್ಲದುದರಿಂದ ಅವನ್ನು ಸಾಕುವುದರಲ್ಲಿ ಪಾಪವಿಲ್ಲವೆಂಬ ಭಾವನೆ ಜನರಲ್ಲಿ ಬೆಳೆಯಿತು. ಆದರೆ ದೂರದ ದೇಶದ ಕಾಡೂ ಕಾಡೇ ಅಲ್ಲವೆ?

ಬಾಣಭಟ್ಟನ ಕಾದಂಬರಿಯಲ್ಲಿ ಕಥೆಯನ್ನು ಹೇಳುವವನೇ ಒಂದು ಗಿಳಿ. ಶೂದ್ರಕನ ಆಸ್ಥಾನಕ್ಕೆ ಚಂಡಾಲಕನ್ಯೆಯೊಬ್ಬಳು ತಂದ ಪಂಜರದೊಳಗಿನ ವೈಶಂಪಾಯನನೆಂಬ ಆ ಗಿಳಿಯ ಪಾಂಡಿತ್ಯಕ್ಕೆ ಸಭೆಯೆಲ್ಲ ಬೆರಗಾಗುತ್ತದೆ. ಆದರೆ ಅರಸನು ಅದರ ವೃತ್ತಾಂತವನ್ನು ಕೇಳಿದಾಗ ಅದು ಮೊದಲು ಹೇಳುವುದು ತನ್ನ ಪಾಂಡಿತ್ಯವನ್ನಲ್ಲ, ತನ್ನ ಗೂಡು ಹಾಳಾದ ಕಥೆಯನ್ನು. ಹಳೆಯ ಬೂರುಗದ ಮರವೊಂದರ ಪೊಟರೆಯಲ್ಲಿ ತಾಯಿಯಿಲ್ಲದ ಮರಿಯನ್ನು ಮುದಿತಂದೆ ಸಾಕುತ್ತಿರುವಾಗ ಬೇಡನೊಬ್ಬನು ಮರವನ್ನೇರಿ, ಹಾರಲಾರದ ಹಕ್ಕಿಗಳನ್ನು ಒಂದೊಂದಾಗಿ ಹೊರಗೆಳೆದು ಕತ್ತು ಹಿಸುಕಿ ನೆಲಕ್ಕೆಸೆದುದನ್ನೂ, ತಂದೆ ತನ್ನ ಸಡಿಲವಾದ ರೆಕ್ಕೆಗಳಿಂದ ಮರಿಯನ್ನು ಮುಚ್ಚಿಕೊಂಡೇ ಸತ್ತುದನ್ನೂ ಆ ಗಿಳಿ ತಾನೇ ಹೇಳುತ್ತದೆ. ನಾಗವರ್ಮನು ಅದನ್ನು ಕನ್ನಡಕ್ಕೆ ತಂದು ಸಾವಿರ ವರ್ಷಗಳಾದುವು. ಪಂಜರದ ಗಿಳಿಗೆ ಒಂದು ಪೂರ್ವಕಥೆಯಿದೆ ಎಂಬ ಅರಿವು ನಮ್ಮ ಸಾಹಿತ್ಯಕ್ಕೆ ಅಷ್ಟು ಹಿಂದಿನಿಂದಲೂ ಇದ್ದಿತು.

ಆಫ್ರಿಕನ್ ಗ್ರೇಯ ಪೂರ್ವಕಥೆ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮಳೆಕಾಡುಗಳಲ್ಲಿ ಕೊಂಬೆಗಳಿಗೆ ಅಂಟು ಬಳಿದು, ಮೊದಲೇ ಹಿಡಿದ ಹಕ್ಕಿಯನ್ನು ಕಟ್ಟಿ ಕೂಗಿಸಿ, ಅದರ ಕರೆಗೆ ಓಗೊಟ್ಟು ಬಂದಿಳಿದ ಹಿಂಡನ್ನು ಹಿಡಿಯುತ್ತಿದ್ದರು. 1975ರಿಂದ ಈಚೆಗೆ ಅಂತರರಾಷ್ಟ್ರೀಯ ವ್ಯಾಪಾರದ ದಾಖಲೆಗಳಿಗೆ ಸಿಕ್ಕಿದ ಕಾಡುಗಿಳಿಗಳೇ 12 ಲಕ್ಷವನ್ನು ಮೀರಿವೆ. ದಾರಿಯಲ್ಲಿ ಸತ್ತುವು ಈ ಲೆಕ್ಕಕ್ಕೆ ಸೇರಿಲ್ಲ. ಘಾನಾ ದೇಶದಲ್ಲಿ 1990ರ ದಶಕದ ಆರಂಭದಿಂದ ಇಪ್ಪತ್ತು ಚಿಲ್ಲರೆ ವರ್ಷಗಳೊಳಗೆ ಈ ಗಿಳಿಯ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಾಗಿ ಕುಸಿಯಿತು. ಕಡೆಗೆ 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕೂಡಿದ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಈ ಹಕ್ಕಿಯನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಿ, ಕಾಡಿನಿಂದ ಹಿಡಿದ ಗಿಳಿಯ ವ್ಯಾಪಾರವನ್ನು ನಿಲ್ಲಿಸಿದುವು.

ಈಗ ಮಾರಾಟಕ್ಕೆ ಬರುವ ಮರಿಗಳು ಇಲ್ಲಿಯೇ ಹುಟ್ಟಿದುವೆಂದು ಮಾರುವವರು ಹೇಳುತ್ತಾರೆ. ಅನೇಕ ವೇಳೆ ಅದು ನಿಜವೂ ಆಗಿರಬಹುದು. ಆದರೆ ಪಂಜರದಲ್ಲಿ ಹುಟ್ಟಿದ ಮಾತ್ರಕ್ಕೆ ಗಿಳಿ ಸಾಕುಪ್ರಾಣಿಯಾಗಿಬಿಡುವುದಿಲ್ಲ. ನಾಯಿ ಮನುಷ್ಯನೊಡನೆ ಹತ್ತು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಬಾಳಿದೆ; ನಮ್ಮ ಮನೆಯ ನಿಯಮಗಳಿಗೆ ಹೊಂದಿದ ನಾಯಿಗಳನ್ನೇ ಆರಿಸಿ ಆರಿಸಿ, ಅವುಗಳ ಸಂತತಿಯನ್ನೇ ಬೆಳೆಸಿ, ಅದರ ಸ್ವಭಾವವನ್ನೇ ನಾವು ಮಾರ್ಪಡಿಸಿದ್ದೇವೆ. ಮಕಾವಿಗಾದರೋ ಕಾಡನ್ನು ಬಿಟ್ಟು ಎರಡೋ ಮೂರೋ ತಲೆಮಾರುಗಳಾಗಿರಬಹುದು, ಅಷ್ಟೆ. ಬೆಳಗಾಗುತ್ತಲೇ ಹಿಂಡನ್ನು ಕರೆಯಬೇಕು, ಹಾರಬೇಕು, ಕಾಯಿಯನ್ನು ಒಡೆಯಬೇಕು, ಮರವನ್ನು ಕೊರೆಯಬೇಕು, ಜೊತೆಗಾರನ ಗರಿಯನ್ನು ತಿದ್ದಬೇಕು ಎಂಬ ಅದರ ಒಳಗಿನ ಆಜ್ಞೆಗಳೆಲ್ಲ ಅಮೆಜಾನಿನ ಕಾಡಿನಲ್ಲಿ ಹೇಗಿದ್ದುವೋ ಹಾಗೆಯೇ ಇವೆ. ಪೆರು ದೇಶದ ನದೀತೀರಗಳಲ್ಲಿ ಮಣ್ಣಿನ ದಿಣ್ಣೆಗಳ ಮೇಲೆ ನೂರಾರು ಮಕಾವುಗಳು ಗುಂಪಾಗಿ ಇಳಿದು ಜೇಡಿಯನ್ನು ತಿನ್ನುವ ಚಿತ್ರಗಳನ್ನು ನೋಡಿದವರಿಗೆ, ಆ ಜೀವಿಗೆ ಹಿಂಡೆಂದರೆ ಏನು, ದೂರವೆಂದರೆ ಏನು ಎಂಬುದು ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಎಲ್ಲಕ್ಕಿಂತ ಕಠಿನವಾದ ವಿಚಾರ ಆಯುಸ್ಸಿನದು. ಚೆನ್ನಾಗಿ ನೋಡಿಕೊಂಡ ಗ್ರೇ ನಲವತ್ತು ಐವತ್ತು ವರ್ಷ ಬದುಕಬಹುದು. ಮಕಾವ್ ಮತ್ತು ಹಿರಿಯ ಕಾಕಟೂಗಳು ಅರವತ್ತನ್ನು ಮುಟ್ಟುವುದೂ ಉಂಟು. ಷಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕಿ ಎಂಬ ಕಾಕಟೂ 1934ರಲ್ಲಿ, ಆ ಮೃಗಾಲಯ ತೆರೆದ ವರ್ಷದಲ್ಲಿಯೇ, ಎಳೆಯ ಹಕ್ಕಿಯಾಗಿ ಅಲ್ಲಿಗೆ ಬಂದಿತು. 2016ರಲ್ಲಿ ಸತ್ತಾಗ ಅದಕ್ಕೆ 83 ವರ್ಷ. ಅದು ಮೊದಲು ಬಂದಾಗ ಕೈಯಾರೆ ಉಣಿಸಿದವರಲ್ಲಿ ಯಾರು ತಾನೆ ಅದರ ಕೊನೆಗಾಲದಲ್ಲಿ ಇದ್ದಾರು?

ನನ್ನ ಬಂಧುಗಳೊಬ್ಬರ ಮನೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ನಾನೂ ಅಲ್ಲಿದ್ದೆ. ಮನೆಯ ಯಜಮಾನನಿಗೆ ನಲವತ್ತು ದಾಟಿದೆ; ಮಗಳಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಳೆ. ಮಕಾವಿನ ಮರಿಯೊಂದಕ್ಕೆ ಮುಂಗಡ ಕೊಡುವುದೊಂದೇ ಬಾಕಿ. ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅವನ ತಾಯಿ ಅದುವರೆಗೆ ಸುಮ್ಮನಿದ್ದವರು, "ಅಲ್ಲ ಕಣೋ, ಅದು ಐವತ್ತು ವರ್ಷ ಬದುಕತ್ತೆ ಅಂತೀಯಲ್ಲ, ಆವಾಗ ನಿನಗೆಷ್ಟಾಗಿರತ್ತೆ?" ಎಂದು ಕೇಳಿದರು. ಅವನು, "ಆಗಿನ ಮಾತು ಆಗ ನೋಡ್ಕೊಂಡರಾಯ್ತಮ್ಮ" ಎಂದ. "ಆಗ ನೋಡ್ಕೊಳ್ಳೋಕೆ ನಾನಂತೂ ಇರೋಲ್ಲ. ನಿನ್ನ ಕೈಲೂ ಆಗೋಲ್ಲ. ಪುಟ್ಟಿ ಯಾವ ಊರು ಸೇರ್ತಾಳೋ, ಅವಳ ಮನೇಲಿ ಇದನ್ನ ಇಟ್ಕೋತಾರೋ ಇಲ್ವೋ. ಅದಕ್ಕೆ ದಿಕ್ಕು ಯಾರು ಅನ್ನೋದನ್ನ ಈಗಲೇ ಹೇಳಿ ತಂದುಬಿಡಪ್ಪ" ಎಂದರು ಆಕೆ. ಪುಸ್ತಕಗಳಲ್ಲಿ ನಾನು ಓದಿದ್ದ ಎಚ್ಚರಿಕೆಗಳೆಲ್ಲ ಆ ಮಾತಿನಲ್ಲಿ ಅಡಗಿದ್ದುವು. ಮುಂಗಡದ ಮಾತು ಆ ದಿನ ಅಲ್ಲಿಗೇ ನಿಂತಿತು.

ಈ ದೀರ್ಘಾಯುಸ್ಸಿನೊಡನೆ ಬರುವ ಬುದ್ಧಿಶಕ್ತಿ ಸಾಮಾನ್ಯವಾದುದಲ್ಲ. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಷಿಕಾಗೋ ಪ್ರದೇಶದ ಅಂಗಡಿಯೊಂದರಿಂದ ಕೊಂಡು ತಂದ ಅಲೆಕ್ಸ್ ಎಂಬ ಗ್ರೇ ಮೂವತ್ತು ವರ್ಷಗಳ ಅಭ್ಯಾಸದಲ್ಲಿ ನೂರರಷ್ಟು ಪದಗಳನ್ನು ಕಲಿತಿತು, ವಸ್ತುವಿನ ಬಣ್ಣವೇನು, ಆಕಾರವೇನು, ಯಾವುದರಿಂದ ಮಾಡಿದ್ದು ಎಂಬುದನ್ನು ಬೇರೆಬೇರೆಯಾಗಿ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು, ಎರಡು ವಸ್ತುಗಳಲ್ಲಿ ಭೇದವೇನೂ ಇಲ್ಲದಾಗ ಭೇದವಿಲ್ಲವೆಂದೇ ಉತ್ತರ ಕೊಡುತ್ತಿತ್ತು. 2007ರ ಸೆಪ್ಟೆಂಬರಿನಲ್ಲಿ ಅದು ಸತ್ತಾಗ ದೇಶವಿದೇಶಗಳ ಪತ್ರಿಕೆಗಳು ಅದರ ನಿಧನವಾರ್ತೆಯನ್ನು ಅಚ್ಚುಮಾಡಿದುವು. ಇದನ್ನು ಓದಿದವರು ಸಾಮಾನ್ಯವಾಗಿ, ಇಂಥ ಜಾಣಹಕ್ಕಿ ನಮ್ಮ ಮನೆಯಲ್ಲಿದ್ದರೆ ಎಷ್ಟು ಚೆನ್ನು ಎಂದುಕೊಳ್ಳುತ್ತಾರೆ. ಆದರೆ ಅಲೆಕ್ಸಿನ ದಿನವೆಲ್ಲ ಸಹಾಯಕರ, ವಿದ್ಯಾರ್ಥಿಗಳ, ಇತರ ಗಿಳಿಗಳ ನಡುವೆ, ಕೆಲಸದಲ್ಲಿ, ಮಾತಿನಲ್ಲಿ ಕಳೆಯುತ್ತಿತ್ತೆಂಬುದನ್ನು ನಾವು ನೆನೆಯಬೇಕು. ಅಷ್ಟೇ ಸಾಮರ್ಥ್ಯವುಳ್ಳ ಮನಸ್ಸೊಂದನ್ನು ಬೆಳಗ್ಗೆ ಎಂಟಕ್ಕೆ ಪಂಜರದೊಳಗಿಟ್ಟು ಬಾಗಿಲು ಹಾಕಿಕೊಂಡು ಹೊರಟ ದಂಪತಿಗಳು ಸಂಜೆ ಏಳಕ್ಕೆ ದಣಿದು ಮರಳುವ ಮನೆಯಲ್ಲಿ, ಆ ಹನ್ನೊಂದು ಗಂಟೆಗಳು ಹೇಗೆ ಕಳೆಯಬೇಕು? ಬುದ್ಧಿ ಹೆಚ್ಚಿದಷ್ಟೂ ಬೇಸರವನ್ನು ಅನುಭವಿಸುವ ಶಕ್ತಿಯೂ ಹೆಚ್ಚುತ್ತದೆ.

ಆ ಬೇಸರ ದೇಹದಲ್ಲಿಯೇ ಕಾಣಿಸಿಕೊಳ್ಳುವುದನ್ನು ಪಕ್ಷಿವೈದ್ಯರು ಬಲ್ಲರು. ಒಂಟಿತನದಿಂದ ಕಂಗೆಟ್ಟ ಗಿಳಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗುತ್ತದೆ; ಮೊದಲು ಎದೆಯ ಮೇಲೆ, ಆಮೇಲೆ ರೆಕ್ಕೆಯ ಕೆಳಗೆ, ಕೆಲವು ವೇಳೆ ಚರ್ಮವನ್ನೂ ಮಾಂಸವನ್ನೂ ಕಚ್ಚಿಕೊಳ್ಳುವವರೆಗೆ ಆ ಅಭ್ಯಾಸ ಬೆಳೆಯುತ್ತದೆ. ಹೀಗೆ ಗರಿ ಕೀಳುವುದಕ್ಕೆ ರೋಗಗಳೂ ಕಾರಣವಾಗುವುದುಂಟಾದುದರಿಂದ ವೈದ್ಯರನ್ನು ಕಾಣದೆ ತೀರ್ಮಾನಿಸಬಾರದು. ಆದರೆ ತಲೆಯ ಮೇಲೆ ಮಾತ್ರ ಗರಿ ತುಂಬಿ, ಕೊಕ್ಕು ಎಟಕುವ ಕಡೆಯೆಲ್ಲ ಬೋಳಾದ ಹಕ್ಕಿಯನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು. 2014ರಲ್ಲಿ ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾನಿಲಯದ ಸಂಶೋಧಕರು ಒಂಟಿಯಾಗಿಟ್ಟ ಗ್ರೇಗಳ ಮತ್ತು ಜೊತೆಯಾಗಿಟ್ಟ ಗ್ರೇಗಳ ರಕ್ತವನ್ನು ಪರೀಕ್ಷಿಸಿ, ಒಂಟಿಹಕ್ಕಿಗಳ ಜೀವಕೋಶಗಳಲ್ಲಿ ವರ್ಣತಂತುಗಳ ತುದಿಗಳು ಅದೇ ವಯಸ್ಸಿನ ಜೊತೆಹಕ್ಕಿಗಳವುಗಳಿಗಿಂತ ಗಿಡ್ಡವಾಗಿದ್ದುದನ್ನು ಕಂಡರು. ಆ ತುದಿಗಳ ಸವೆತ ಮುಪ್ಪಿನ ಒಂದು ಗುರುತು. ಏಕಾಂತದ ದುಃಖ ಆ ಹಕ್ಕಿಯ ಕಣಕಣಕ್ಕೂ ಇಳಿಯುತ್ತದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎರಡು ಹಕ್ಕಿಗಳನ್ನು ತಂದರಾಗದೆ ಎಂದು ಕೇಳಬಹುದು. ಹಕ್ಕಿಗಳ ದೃಷ್ಟಿಯಿಂದ ಅದು ಮೇಲು. ಆದರೆ ಜೊತೆ ದೊರೆತ ಗಿಳಿಗೆ ನಮ್ಮ ಭುಜದ ಅವಶ್ಯಕತೆ ಕಡಮೆಯಾಗುತ್ತದೆ. ಯಾವುದಕ್ಕಾಗಿ ಅದನ್ನು ತರಬೇಕೆಂದು ಮಕ್ಕಳು ಹಂಬಲಿಸಿದರೋ ಅದೇ ಇಲ್ಲವಾಗಬಹುದು. ಇದನ್ನು ಸಂತೋಷದಿಂದ ಒಪ್ಪಿಕೊಳ್ಳಬಲ್ಲವರು ಮಾತ್ರ ಆ ದಾರಿಯನ್ನು ಹಿಡಿಯಬೇಕು.

ಮರಿಯಾಗಿದ್ದಾಗ ಯಾವ ಗಿಳಿಯೂ ಮುದ್ದೇ. ಕೈಯಲ್ಲಿ ಉಣಿಸಿ ಬೆಳೆಸಿದ ಮರಿ ಮನೆಯವರೆಲ್ಲರ ಬಳಿಗೂ ಹೋಗುತ್ತದೆ, ಎಲ್ಲರಿಂದಲೂ ಕುತ್ತಿಗೆ ಕೆರೆಸಿಕೊಳ್ಳುತ್ತದೆ. ನಾಲ್ಕೈದು ವರ್ಷ ತುಂಬಿ ಪ್ರಾಯಕ್ಕೆ ಬಂದಾಗ ಸ್ವಭಾವ ತಿರುಗುತ್ತದೆ. ಅನೇಕ ಹಿರಿಗಿಳಿಗಳು ಆ ವಯಸ್ಸಿನಲ್ಲಿ ಮನೆಯವರಲ್ಲಿ ಒಬ್ಬರನ್ನೇ ತಮ್ಮ ಸಂಗಾತಿಯೆಂದು ಆರಿಸಿಕೊಂಡು, ಉಳಿದವರು ಹತ್ತಿರ ಸುಳಿದರೆ ಮೇಲೆ ಬೀಳುತ್ತವೆ. ಮಕಾವಿನ ಕೊಕ್ಕು ಗಟ್ಟಿಯಾದ ಕಾಯಿಗಳನ್ನು ಒಡೆಯುವುದಕ್ಕೆಂದು ನಿರ್ಮಿತವಾದುದು. ಮಗುವಿನ ಬೆರಳಿಗೆ ಅದರಿಂದ ಒದಗುವ ಅಪಾಯವನ್ನು ವಿವರಿಸಬೇಕಾಗಿಲ್ಲ. ಹಟದಿಂದ ಹಕ್ಕಿಯನ್ನು ತರಿಸಿಕೊಂಡ ಮಗುವೇ ಅದರ ದ್ವೇಷಕ್ಕೆ ಪಾತ್ರವಾಗಿ, ಅದೇ ಕೋಣೆಗೆ ಕಾಲಿಡಲು ಹೆದರುವಂತಾಗುವುದು ಎಷ್ಟು ಕ್ರೂರವಾದ ಪರಿಣಾಮ! ಕುಟುಂಬಕ್ಕೆಂದು ತಂದ ಹಕ್ಕಿ ಒಬ್ಬರ ಹಕ್ಕಿಯಾಗಬಹುದು. ಆ ಒಬ್ಬರು ಯಾರೆಂಬುದನ್ನು ನಿರ್ಧರಿಸುವ ಅಧಿಕಾರ ಕುಟುಂಬದ ಕೈಯಲ್ಲಿರುವುದಿಲ್ಲ.

ಕೂಗನ್ನು ಕುರಿತು ಬಹಳ ಬರೆಯಬೇಕಾದುದಿಲ್ಲ. ಮರಗಳ ಮೇಲಿನಿಂದ ಬಹುದೂರ ಕೇಳಿಸಬೇಕೆಂದು ಪ್ರಕೃತಿ ಅದನ್ನು ಕೊಟ್ಟಿದೆ. ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಮಕಾವ್, ಕಾಕಟೂಗಳ ಧ್ವನಿ 100 ಡೆಸಿಬೆಲ್ ದಾಟುವುದುಂಟು. ಗೋಡೆಗೆ ಗೋಡೆ ಕೂಡಿರುವ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಮುದುಕರಿಗೂ, ಪರೀಕ್ಷೆಗೆ ಓದುವ ಮಕ್ಕಳಿಗೂ ಅದನ್ನು ದಿನವೂ ಸಹಿಸಿಕೊಳ್ಳಿರೆಂದು ಹೇಳುವ ಹಕ್ಕು ನಮಗಿಲ್ಲ.

ನಮ್ಮ ಮನೆಗಳ ರಚನೆಯೂ ಅಡುಗೆಯೂ ಈ ಹಕ್ಕಿಗೆ ಹೇಗೆ ವಿರುದ್ಧವಾಗಿವೆಯೆಂಬುದನ್ನು ಮಾತ್ರ ವಿಸ್ತರಿಸಿ ಹೇಳಬೇಕು, ಏಕೆಂದರೆ ವಿದೇಶಗಳಲ್ಲಿ ಬರೆದ ಕೈಪಿಡಿಗಳು ನಮ್ಮ ಅಡುಗೆಮನೆಯನ್ನು ಬಲ್ಲವಲ್ಲ. ಹಕ್ಕಿಯ ಶ್ವಾಸಾಂಗ ನಮ್ಮದರಂತಲ್ಲ. ಗಾಳಿ ಅದರ ಪುಪ್ಪುಸದ ಮೂಲಕ ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಹರಿಯುತ್ತದೆ, ಅದಕ್ಕೆ ಸಹಾಯಕವಾಗಿ ಮೈಯೊಳಗೆ ಗಾಳಿಚೀಲಗಳಿವೆ. ಹಾರಾಟಕ್ಕೆ ಬೇಕಾದ ಪ್ರಾಣವಾಯುವನ್ನು ಹೀರಿಕೊಳ್ಳುವುದರಲ್ಲಿ ಅಷ್ಟು ಸಮರ್ಥವಾದ ಆ ಅಂಗ ವಿಷವನ್ನು ಹೀರಿಕೊಳ್ಳುವುದರಲ್ಲಿಯೂ ಅಷ್ಟೇ ಸಮರ್ಥ. ದೋಸೆಗೆಂದು ಒಲೆಯ ಮೇಲಿಟ್ಟ ನಾನ್‌ಸ್ಟಿಕ್ ಕಾವಲಿ ಮರೆವಿನಿಂದ ಬರಿದೇ ಕಾದು ಅತಿಯಾಗಿ ಬಿಸಿಯಾದರೆ ಅದರ ಲೇಪದಿಂದ ಏಳುವ ಅನಿಲ ನಮಗೆ ಗೊತ್ತೇ ಆಗದಿರಬಹುದು. ಗಿಳಿ ಕೆಲವು ನಿಮಿಷಗಳಲ್ಲಿ ಸತ್ತುಹೋಗಬಹುದು. ಪೂಜೆಯ ಊದುಬತ್ತಿ, ಸಾಂಬ್ರಾಣಿಯ ಹೊಗೆ, ಸಂಜೆಯ ಸೊಳ್ಳೆಬತ್ತಿ, ಒಗ್ಗರಣೆಯ ಘಾಟು, ಇವೊಂದೂ ಅದಕ್ಕೆ ಹಿತವಲ್ಲ. ತಲೆಯ ಮೇಲೆ ತಿರುಗುವ ಫ್ಯಾನು ಹಾರುವ ಹಕ್ಕಿಗೆ ನೇರವಾದ ಮೃತ್ಯು. ಹಕ್ಕಿ ಪಂಜರದಿಂದ ಹೊರಗಿರುವಷ್ಟು ಹೊತ್ತೂ ಚೈತ್ರ ವೈಶಾಖದ ಬಿಸಿಲಿನಲ್ಲಿಯೂ ಫ್ಯಾನನ್ನು ನಿಲ್ಲಿಸಲು ಮನೆಯವರೆಲ್ಲರೂ ಒಪ್ಪುವರೆ? ದೀಪಾವಳಿಯ ರಾತ್ರಿಗಳಲ್ಲಿ ಪಟಾಕಿಗೆ ಬೆದರಿ ಕತ್ತಲೆಯಲ್ಲಿ ಪಂಜರದ ಸರಳುಗಳಿಗೆ ಬಡಿದುಕೊಳ್ಳುವ ಹಕ್ಕಿಯ ಬಳಿ ಯಾರಾದರೊಬ್ಬರು ಎಚ್ಚರವಾಗಿರಬೇಕಾಗುತ್ತದೆ.

ಆಹಾರದ ವಿಷಯದಲ್ಲಿಯೂ ನಮ್ಮ ವಾತ್ಸಲ್ಯವೇ ಅಪಾಯಕ್ಕೆ ದಾರಿಮಾಡುತ್ತದೆ. ಮೆಣಸಿನಕಾಯಿಯನ್ನು ಗಿಳಿ ಆನಂದದಿಂದ ತಿನ್ನುವುದನ್ನು ಕಂಡು ನಮ್ಮ ಅಜ್ಜಿಯರು ಆಶ್ಚರ್ಯಪಡುತ್ತಿದ್ದರು; ಹಕ್ಕಿಗಳ ನರಗಳಿಗೆ ಆ ಖಾರ ತಟ್ಟುವುದಿಲ್ಲವಾದುದರಿಂದ ಅದರಲ್ಲಿ ಕೇಡಿಲ್ಲ. ಆದರೆ ಕೊಡಗು, ಚಿಕ್ಕಮಗಳೂರುಗಳ ತೋಟಗಳಿಂದ ಬರುವ ಬೆಣ್ಣೆಹಣ್ಣು ಗಿಳಿಗೆ ವಿಷ. ಕಾಫಿ, ಚಾಕೊಲೇಟು, ಉಪ್ಪು ಹಾಕಿ ಕರಿದ ತಿಂಡಿಗಳೂ ಸಲ್ಲವು. ಸೂರ್ಯಕಾಂತಿಯ ಬೀಜವನ್ನೇ ಬಟ್ಟಲು ತುಂಬಿಸಿಟ್ಟರೆ ಸಾಕೆಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಬರಿಯ ಬೀಜ ತಿಂದ ಹಕ್ಕಿಗೆ ಕೊಬ್ಬಿನಿಂದ ಯಕೃತ್ತು ಕೆಡುತ್ತದೆ, ಎ ಜೀವಸತ್ತ್ವದ ಕೊರತೆಯಿಂದ ಮೂಗು ಬಾಯಿಗಳ ಒಳಪೊರೆ ರೋಗಕ್ಕೆ ಈಡಾಗುತ್ತದೆ. ಸೊಪ್ಪು, ಕ್ಯಾರೆಟ್ಟು, ಮೊಳಕೆಕಾಳು, ಹಣ್ಣು, ಅದಕ್ಕೆಂದೇ ತಯಾರಾದ ಗುಳಿಗೆಯ ಆಹಾರ, ಇವನ್ನು ದಿನವೂ ಹೊಸದಾಗಿ ಒದಗಿಸಬೇಕು, ಉಳಿದುದನ್ನು ತೆಗೆಯಬೇಕು, ಕಚ್ಚಿ ಪುಡಿಮಾಡಲು ಮರದ ತುಂಡುಗಳನ್ನು ಕೊಡಬೇಕು. ಇಲ್ಲದಿದ್ದರೆ ಬಾಗಿಲ ಚೌಕಟ್ಟೇ ಪುಡಿಯಾಗುತ್ತದೆ.

ಮನೆಯಲ್ಲಿ ಉಬ್ಬಸದವರಿದ್ದರೆ ಗ್ರೇ ಮತ್ತು ಕಾಕಟೂಗಳ ಮಾತೇ ಬೇಡ. ಅವುಗಳ ಗರಿಯಿಂದ ಸೂಕ್ಷ್ಮವಾದ ಬಿಳಿಯ ಪುಡಿ ಸದಾ ಉದುರುತ್ತದೆ. ಗಿಳಿಯಿಂದ ಮನುಷ್ಯನಿಗೆ ತಗಲಿ ಪುಪ್ಪುಸದ ಉರಿಯೂತವನ್ನುಂಟುಮಾಡುವ ಸಿಟಕೋಸಿಸ್ ಎಂಬ ರೋಗ 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹೋದ ಹಕ್ಕಿಗಳ ಮೂಲಕ ಯೂರೋಪು, ಅಮೆರಿಕಗಳಲ್ಲಿ ಹರಡಿ ಅನೇಕರ ಪ್ರಾಣ ತೆಗೆದುಕೊಂಡಿತು. ಇಂದು ಅದಕ್ಕೆ ಔಷಧವಿದೆ. ಆದರೆ ಹಕ್ಕಿಯ ರೋಗವನ್ನು ಗುರುತಿಸಬಲ್ಲ ವೈದ್ಯರು ನಮ್ಮ ದೊಡ್ಡ ನಗರಗಳಲ್ಲಿಯೂ ಬೆರಳೆಣಿಕೆಯಷ್ಟು ಮಂದಿ. ಜಿಲ್ಲಾ ಕೇಂದ್ರಗಳಲ್ಲಿ ದನಕರುಗಳ ವೈದ್ಯರು ಎಷ್ಟೇ ಅನುಭವಿಗಳಾಗಿದ್ದರೂ ಮಕಾವನ್ನು ಕೈಯಲ್ಲಿ ಹಿಡಿದಿರುವುದು ಅಪರೂಪ. ಗಿಳಿಯಾದರೋ ತನ್ನ ರೋಗವನ್ನು ಕಡೆಯ ಘಳಿಗೆಯವರೆಗೂ ಮರೆಮಾಚುತ್ತದೆ. ಕಾಡಿನಲ್ಲಿ ನಿಶ್ಶಕ್ತಿಯನ್ನು ತೋರಿದ ಹಕ್ಕಿ ಗಿಡುಗನ ಪಾಲಾಗುವುದರಿಂದ ಬಂದ ಸ್ವಭಾವ ಅದು. ಗರಿಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತುಬಿಟ್ಟ ದಿನ ನಮಗೆ ತಿಳಿದರೆ, ಬಹಳ ಸಲ ಅದು ತಡವಾದ ತಿಳಿವಳಿಕೆ.

ಇಷ್ಟನ್ನೆಲ್ಲ ತೂಗಿನೋಡಿದಾಗ, ಸಣ್ಣ ಮಕ್ಕಳಿರುವ, ದಂಪತಿಗಳಿಬ್ಬರೂ ಹೊರಗೆ ದುಡಿಯುವ, ರಜೆ ಬಂದೊಡನೆ ಊರಿಗೆ ಹೊರಡುವ ಕುಟುಂಬಕ್ಕೆ ಹಿರಿಗಿಳಿ ತಕ್ಕ ಸಂಗಾತಿಯಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮ ನಗರಗಳ ಬಹುಪಾಲು ಕುಟುಂಬಗಳು ಇಂಥವೇ. ಹಗಲೆಲ್ಲ ಯಾರಾದರೂ ಇರುವ, ಸುತ್ತಲೂ ಸ್ವಲ್ಪ ತೋಟವಿರುವ, ಹಾರಾಡುವಷ್ಟು ವಿಶಾಲವಾದ ಬಲೆಮನೆಯನ್ನು ಕಟ್ಟಬಲ್ಲ, ಹಿಂದಿನ ತಲೆಮಾರೂ ಮುಂದಿನ ತಲೆಮಾರೂ ಒಪ್ಪಿ ಕೈಜೋಡಿಸುವ ಮನೆಗಳು ಇಲ್ಲವೆಂದಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಅಂಥ ಅನುಕೂಲ ಇರಬಹುದು. ಆದರೆ ಅಲ್ಲಿ ಬೆಳಗಾದರೆ ಪಶ್ಚಿಮಘಟ್ಟದ್ದೇ ಆದ ನೀಲಿರೆಕ್ಕೆಯ ಗಿಳಿಗಳು ಅಂಗಳದ ಮರಕ್ಕೆ ತಾವಾಗಿಯೇ ಬಂದು ಹೋಗುತ್ತಿರುವಾಗ, ದೂರದ ಖಂಡದ ಹಕ್ಕಿಯನ್ನು ತಂದು ಕೂಡಿಹಾಕುವ ಮನಸ್ಸು ಹೇಗೆ ಬರುವುದೋ!

ಆದರೂ ಈ ಹಕ್ಕಿಯ ಸಹವಾಸ ಬೇಕೇ ಬೇಕೆನ್ನುವವರಿಗೆ ನಾನು ಹೇಳುವುದು ಮರಿಯನ್ನು ಕೊಳ್ಳಬೇಡಿರೆಂದು. ಒಡೆಯರು ತೀರಿಕೊಂಡು, ಇಲ್ಲವೆ ವಿದೇಶಕ್ಕೆ ಹೋಗಿ, ಇಲ್ಲವೆ ಕೂಗನ್ನು ತಾಳಲಾರದೆ ಕೈಬಿಟ್ಟ ಪ್ರೌಢ ಗಿಳಿಗಳು ಮನೆಯಿಂದ ಮನೆಗೆ ಅಲೆಯುತ್ತಿವೆ. ಪ್ರಾಯದ ಗೊಂದಲ ಕಳೆದು ಸ್ವಭಾವ ನೆಲೆಗೊಂಡ ಅಂಥ ಹಕ್ಕಿಯನ್ನು ಹಲವು ವಾರಗಳ ಕಾಲ ಅದು ಇರುವಲ್ಲಿಗೇ ಹೋಗಿ ನೋಡಿ, ಮನೆಯವರೆಲ್ಲರೂ ಅದರ ಬಳಿ ಕುಳಿತು, ಅದು ಯಾರನ್ನು ಒಪ್ಪುತ್ತದೆ, ಯಾರನ್ನು ಒಲ್ಲದು ಎಂಬುದನ್ನು ತಿಳಿದುಕೊಂಡು, ಆಮೇಲೆ ತೀರ್ಮಾನಿಸುವುದು ಉಚಿತ. ಹಿರಿಗಿಳಿಗಳ ಜೊತೆ ಅರ್ಧದಿನ ಕಳೆಯಬೇಕೆನ್ನುವವರಿಗೆ ಮೈಸೂರಿನಲ್ಲಿ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವಿದೆ. 468 ಜಾತಿಯ ಹಕ್ಕಿಗಳನ್ನುಳ್ಳ ಪಕ್ಷಿಧಾಮವೆಂದು 2017ರಲ್ಲಿ ಅದು ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಯ ಗದ್ದಲವನ್ನೂ, ಹಕ್ಕಿಗಳ ಸೇವೆಗೆ ಬೇಕಾಗುವ ಕೈಗಳ ಸಂಖ್ಯೆಯನ್ನೂ ಮಕ್ಕಳಿಗೆ ತೋರಿಸಿದರೆ ಮನೆಯಲ್ಲಿ ನಡೆಯಬೇಕಾದ ಚರ್ಚೆಗೆ ಒಂದು ಆಧಾರ ದೊರೆಯುತ್ತದೆ.

ಕಾನೂನಿನ ಪತ್ರಗಳನ್ನು ಕುರಿತು ಅಲಕ್ಷ್ಯ ಕೂಡದು. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಹಕ್ಕಿಗಳು ಅದರ ನಾಲ್ಕನೆಯ ಅನುಸೂಚಿಗೆ ಸೇರಿವೆ. 2024ರ ನಿಯಮಗಳ ಪ್ರಕಾರ ಅಂಥ ಹಕ್ಕಿ ಮನೆಯಲ್ಲಿದ್ದರೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅದು ಬೇರೆಯವರ ಕೈಗೆ ಹೋದರೂ, ಮರಿಮಾಡಿದರೂ, ಸತ್ತರೂ ತಿಳಿಸಬೇಕು. ನೋಂದಣಿಯ ಕಾಗದವಿಲ್ಲದೆ ಅಗ್ಗವಾಗಿ ಬರುವ ಹಕ್ಕಿಯ ಹಿಂದೆ ಯಾವ ಕಾಡಿನ ಯಾವ ಪೊಟರೆ ಇದೆಯೋ ಹೇಳಲಾಗದು.

ಈಗಾಗಲೇ ಗಿಳಿಯನ್ನು ಸಾಕಿಕೊಂಡಿರುವವರು ಆ ಕಾಗದದ ಜೊತೆಗೆ ಇನ್ನೊಂದನ್ನೂ ಬರೆದಿಡುವುದು ಒಳ್ಳೆಯದು. ಹಕ್ಕಿ ಏನು ತಿನ್ನುತ್ತದೆ, ಆರೋಗ್ಯವಾಗಿರುವಾಗ ಅದರ ತೂಕ ಎಷ್ಟು ಗ್ರಾಂ, ಯಾವ ವೈದ್ಯರು ಅದನ್ನು ಬಲ್ಲರು, ರಾತ್ರಿ ಯಾವಾಗ ಮಲಗುತ್ತದೆ, ಯಾವ ಮಾತಿಗೆ ಶಾಂತವಾಗುತ್ತದೆ, ಏನನ್ನು ಕಂಡರೆ ಬೆದರುತ್ತದೆ ಎಂಬಿವೆಲ್ಲವನ್ನೂ ಅದರಲ್ಲಿ ಬರೆದು, ತಮ್ಮ ಅನಂತರ ಅದನ್ನು ವಹಿಸಿಕೊಳ್ಳಲು ಒಪ್ಪಿದವರ ಹೆಸರನ್ನು ಅವರ ಸಮ್ಮತಿಯಿಂದ ನಮೂದಿಸಿ, ಆ ವ್ಯಕ್ತಿಯನ್ನು ಇಂದಿನಿಂದಲೇ ವಾರಕ್ಕೊಮ್ಮೆಯಾದರೂ ಕರೆಸಿ ಹಕ್ಕಿಗೆ ಅವರ ಕೈಯಿಂದ ಹಣ್ಣು ಕೊಡಿಸಬೇಕು.